ಚರ್ಮದ ಕೆಳಗಣ ವರ್ತಮಾನ

ಸ್ಕ್ಯಾನಿಂಗ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬಸುರಿ ಹೆಂಗಸರು ಸಾಲಾಗಿ ಕುಳಿತಿರುವ ಒಂದು ಕೋಣೆ; ಅದರ ಬಾಗಿಲಲ್ಲಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂಬುದನ್ನು ಇಲ್ಲಿ ತಿಳಿಸಲಾಗುವುದಿಲ್ಲವೆಂದು ಸಾರುವ ಫಲಕ. 1994ರ ಕಾಯಿದೆಯ ಮೇರೆಗೆ ಆ ಫಲಕ ಅಲ್ಲಿರುತ್ತದೆ, ಇರಬೇಕಾದದ್ದೇ ನ್ಯಾಯ. ಆದರೆ ಅದನ್ನು ಓದಿದ ಗಂಡಸರು, ಈ ಯಂತ್ರಕ್ಕೂ ತಮಗೂ ಏನೂ ಸಂಬಂಧವಿಲ್ಲವೆಂದು ಬಗೆದು ಮುಂದೆ ಸಾಗುತ್ತಾರೆ. ಹಾಗೆ ಬಗೆದವರಲ್ಲಿ ನಾವೂ ಒಬ್ಬರಾಗಿದ್ದೆವು. ಆ ತಪ್ಪಿಗೆ ದಂಡ ತೆತ್ತವರು ನಾವಲ್ಲ, ನಮ್ಮ ಅಡಿಗೆಯ ಭಟ್ಟರು. ಆದ್ದರಿಂದಲೇ ಈ ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಪತ್ರಿಕೆಯ ಕೆಲಸಕ್ಕೆ ಬರುವುದಕ್ಕೆ ಮುಂಚೆ, ಮುಂಬಯಿಯಲ್ಲಿ ನಾವು ಹೋಟೆಲು ನಡೆಸುತ್ತಿದ್ದ ಕಾಲ. ಚೌತಿಯ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಬೆಳಗಿನ ಚಟ್ನಿಗೆ ಕಾಯಿ ಒಡೆಯುವಾಗ ಗೆರಟೆಯ ಸೀಳೊಂದು ಭಟ್ಟರ ಎಡ ಅಂಗೈಗೆ ಚುಚ್ಚಿತು. ಅವರು ಅದನ್ನು ಕಿತ್ತೆಸೆದು, ಅರಸಿನ ಹಚ್ಚಿ ಬಟ್ಟೆ ಸುತ್ತಿ, ಕೆಲಸಕ್ಕೆ ನಿಂತರು. ನಾಲ್ಕನೆಯ ದಿನ ಅವರ ಕೈಯ ಹಿಂಭಾಗ ಇಡ್ಲಿಯಂತೆ ಉಬ್ಬಿತ್ತು. ವಿಚಿತ್ರವೆಂದರೆ, ಗಾಯವಾಗಿದ್ದ ಅಂಗೈಯಲ್ಲಿ ಅಷ್ಟೇನೂ ಬಾವು ಕಾಣಿಸುತ್ತಿರಲಿಲ್ಲ. ಹಬ್ಬದ ಗಿರಾಕಿಗಳನ್ನು ಎಣಿಸುತ್ತಿದ್ದ ನಾವು, “ಬಿಸಿ ಶಾಖ ಕೊಡಿ ಭಟ್ಟರೇ, ಇಳಿದೀತು” ಎಂದೆವು. ಮತ್ತೆರಡು ದಿನಗಳಲ್ಲಿ ಜ್ವರ ಬಂದಾಗ ಹತ್ತಿರದ ಡಾಕ್ಟರರಲ್ಲಿಗೆ ಕಳುಹಿಸಿದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಐದು ದಿನಗಳ ಮಾತ್ರೆಗೆ ಕೆಂಪು ಮಾಸಿತು, ನೋವು ತಗ್ಗಿತು. ಗುಣವಾಯಿತೆಂದು ಅವರೂ ನಂಬಿದರು, ನಾವೂ ನಂಬಿದೆವು. ಹತ್ತು ದಿನ ಕಳೆಯುವಷ್ಟರಲ್ಲಿ ಕೈ ಮೊದಲಿಗಿಂತ ಇಮ್ಮಡಿಯಾಗಿ ಊದಿಕೊಂಡು, ಬೆರಳುಗಳನ್ನು ಅಲುಗಿಸಲು ಬಾರದಂತಾಯಿತು.

ಆಗ ದೊಡ್ಡ ಆಸ್ಪತ್ರೆಯ ಡಾಕ್ಟರರು ಕೈಗೆ ಅಲ್ಟ್ರಾಸೌಂಡ್ ಮಾಡಿಸಬೇಕೆಂದರು. ಭಟ್ಟರು ನಮ್ಮತ್ತ ತಿರುಗಿ, “ಇದೆಂಥದು ರಾಯರೇ? ಹೆಂಗಸರಿಗೆ ಮಾಡುವ ಪರೀಕ್ಷೆ ನನ್ನ ಕೈಗೆ ಯಾಕೆ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೈಯನ್ನು ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿಸಿದರು. ನೋಯುವ ಕೈಗೆ ಯಂತ್ರದ ತುದಿಯನ್ನು ಒತ್ತಬೇಕಾಗದಂತೆ ಮಾಡುವ ಉಪಾಯವದು. ಪರದೆಯ ಮೇಲೆ ಅಂಗೈಯ ಆಳದಲ್ಲಿ ಒಂದು ಕಪ್ಪು ಮಡು, ಅದರ ನಡುವೆ ಬೆಳ್ಳಗಿನ ಒಂದು ಗೆರೆ ಮೂಡಿತು. ಮಡುವು ಕೀವು, ಗೆರೆಯು ಗೆರಟೆಯ ಉಳಿದ ಚೂರು.

ಎಕ್ಸ್‌ರೇಯಲ್ಲಿ ಅದು ಏಕೆ ಕಾಣಲಿಲ್ಲವೆಂದು ಆಮೇಲೆ ತಿಳಿದುಕೊಂಡೆವು. ಎಕ್ಸ್‌ರೇ ಕಿರಣವು ಮೂಳೆಯನ್ನೂ ಲೋಹವನ್ನೂ ಚೆನ್ನಾಗಿ ತೋರಿಸುತ್ತದೆ. ಮರದ ಚೂರು, ಮುಳ್ಳು, ಗೆರಟೆ ಇವುಗಳ ಮೂಲಕ ಮಾಂಸದಲ್ಲಿ ಹಾದಂತೆಯೇ ಹಾದುಹೋಗುತ್ತದೆ. ಬಾವು ಕೈಯ ಹಿಂಭಾಗದಲ್ಲಿ ಬಂದುದಕ್ಕೂ ಕಾರಣವಿದೆ. ಅಂಗೈಯ ಚರ್ಮ ದಪ್ಪ ಮತ್ತು ಬಿಗಿ. ಹಿಂಗೈಯ ಚರ್ಮ ಸಡಿಲು. ಒಳಗಿನ ಉರಿಯೂತದ ನೀರು ಸಡಿಲವಿದ್ದ ಕಡೆಗೆ ಸರಿಯುತ್ತದೆ. ರೋಗವಿರುವ ಜಾಗ ಒಂದು, ಅದು ಮುಖ ತೋರಿಸುವ ಜಾಗ ಇನ್ನೊಂದು.

ಹೋಟೆಲಿನಿಂದ ಹುಟ್ಟಿದ ವಿದ್ಯೆ

ಹಲಸಿನ ಹಣ್ಣನ್ನು ಬೆರಳಿಂದ ಬಡಿದು, ಒಳಗೆ ಹಣ್ಣಾಗಿದೆಯೇ ಇಲ್ಲವೇ ಎಂದು ಹೇಳಬಲ್ಲವರು ನಮ್ಮ ಊರುಗಳಲ್ಲಿ ಮನೆಗೊಬ್ಬರಿದ್ದಾರೆ. ಕಣ್ಣಿಗೆ ಕಾಣದ್ದನ್ನು ಶಬ್ದದಿಂದ ತಿಳಿಯುವ ಈ ವಿದ್ಯೆಯನ್ನು ವೈದ್ಯಶಾಸ್ತ್ರಕ್ಕೆ ತಂದವನು ಒಬ್ಬ ಹೋಟೆಲುಗಾರನ ಮಗನೆಂದರೆ ನಮ್ಮ ವಾಚಕರಿಗೆ ಸಂತೋಷವಾಗಬಹುದು. ಆಸ್ಟ್ರಿಯಾ ದೇಶದ ಗ್ರಾಟ್ಸ್ ಪಟ್ಟಣದಲ್ಲಿ 1722ರಲ್ಲಿ ಹುಟ್ಟಿದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಎಂಬಾತನ ತಂದೆ ಅಲ್ಲಿ ವಸತಿಗೃಹ ನಡೆಸುತ್ತಿದ್ದನು. ಪೀಪಾಯಿಗಳನ್ನು ಬಡಿದು, ಮದ್ಯ ಎಲ್ಲಿಯ ತನಕ ತುಂಬಿದೆಯೆಂದು ತಂದೆಯು ತಿಳಿಯುತ್ತಿದ್ದುದನ್ನು ಹುಡುಗನು ಕಂಡಿದ್ದನೆಂದು ಪ್ರತೀತಿ. ಮುಂದೆ ವಿಯೆನ್ನಾದಲ್ಲಿ ವೈದ್ಯನಾದಾಗ, ರೋಗಿಯ ಎದೆಯನ್ನು ಬೆರಳಿಂದ ಬಡಿದು ಒಳಗೆ ನೀರು ತುಂಬಿದೆಯೇ ಎಂದು ಪರೀಕ್ಷಿಸುವ ಕ್ರಮವನ್ನು 1761ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇಂದಿಗೂ ಡಾಕ್ಟರರು ನಮ್ಮ ಎದೆ ಬೆನ್ನುಗಳನ್ನು ಬಡಿದು ನೋಡುವುದು ಅದೇ ಕ್ರಮ.

ಅಲ್ಟ್ರಾಸೌಂಡ್ ಈ ಬಡಿತದ ದೂರದ ಮೊಮ್ಮಗನೆನ್ನಬಹುದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನು ಮಾತ್ರ ಕೇಳಬಲ್ಲದು. ಅದಕ್ಕೂ ಮೇಲಿನದು ಶ್ರವಣಾತೀತ ಶಬ್ದ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರಾದ ಪಿಯೇರ್ ಮತ್ತು ಜಾಕ್, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡುಹಿಡಿದರು. ಅಂಥ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕಂಪಿಸುವುದೆಂದೂ ಬೇಗನೆ ತಿಳಿದುಬಂತು. ಮೊದಲನೆಯ ಮಹಾಯುದ್ಧದಲ್ಲಿ ಪಾಲ್ ಲಾಂಜೆವಾನ್ ಎಂಬ ವಿಜ್ಞಾನಿ ಇದನ್ನೇ ಬಳಸಿ ಸಮುದ್ರದಡಿಯ ಜಲಾಂತರ್ಗಾಮಿಗಳನ್ನು ಹುಡುಕುವ ಯತ್ನ ಮಾಡಿದನು. 1958ರಲ್ಲಿ ಗ್ಲಾಸ್ಗೋ ನಗರದ ಡಾ. ಇಯಾನ್ ಡೊನಾಲ್ಡ್ ಮತ್ತವರ ಸಂಗಡಿಗರು ಹೊಟ್ಟೆಯೊಳಗಿನ ಗೆಡ್ಡೆಗಳನ್ನು ಶಬ್ದದಿಂದ ಚಿತ್ರಿಸಿದ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. 1979ರಲ್ಲಿ ಅಲೆಗ್ಸಾಂಡರ್ ಮತ್ತು ಮಿಲ್ಲರ್ ಎಂಬಿಬ್ಬರು ಚರ್ಮದ ದಪ್ಪವನ್ನು ಅದೇ ವಿಧಾನದಿಂದ ಅಳೆದರು. ಹೀಗೆ ಸಮುದ್ರದ ಆಳದಿಂದ ಹೊರಟ ವಿದ್ಯೆ ನಮ್ಮ ಚರ್ಮದ ಆಳಕ್ಕೆ ಬಂದು ನಿಂತಿತು.

ಯಂತ್ರದ ತುದಿಯಲ್ಲಿರುವ ಹರಳು ಶಬ್ದವನ್ನು ಒಳಗೆ ಕಳುಹಿಸಿ, ಮರುಧ್ವನಿಗಾಗಿ ಕಾಯುತ್ತದೆ. ಮೃದುವಾದ ಮಾಂಸದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಿಂದ ಓಡುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 13 ಪಾಲು. ಈ ಕಾಲದ ಲೆಕ್ಕದಿಂದಲೇ ಯಂತ್ರವು ಆಳವನ್ನು ಗುಣಿಸಿ ಚಿತ್ರ ಬರೆಯುತ್ತದೆ. ಚಿತ್ರದಲ್ಲಿ ತಿಳಿಯಾದ ನೀರು ಕಪ್ಪಗೆ, ಕೊಬ್ಬು ಬೂದು ಬಣ್ಣಕ್ಕೆ, ಗಟ್ಟಿ ನಾರು ಬೆಳ್ಳಗೆ ಕಾಣುತ್ತದೆ. ಹೊಟ್ಟೆಯನ್ನು ನೋಡಲು ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳ ಶಬ್ದ ಸಾಕು. ಚರ್ಮದ ಸೂಕ್ಷ್ಮ ಪದರಗಳನ್ನು ನೋಡಲು ಒಂದೂವರೆ ಕೋಟಿ ಕಂಪನಗಳಿಗೂ ಮೇಲಿನದು ಬೇಕು. ಏಳು ಕೋಟಿಯ ಯಂತ್ರಗಳೂ ಬಂದಿವೆ. ಕಂಪನ ಹೆಚ್ಚಿದಷ್ಟೂ ಚಿತ್ರ ನಯವಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯಲಾರದು.

ಇನ್ನೊಂದು ಉಪಾಯವೂ ಉಂಟು. ನಿಂತ ಪ್ಲಾಟ್‌ಫಾರ್ಮಿನ ಬದಿಯಲ್ಲಿ ಫಾಸ್ಟ್ ಲೋಕಲ್ ಹಾರ್ನ್ ಮಾಡುತ್ತ ನಮ್ಮನ್ನು ದಾಟಿದೊಡನೆ ಅದರ ಸ್ವರ ಇಳಿಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ಚಲಿಸುವ ವಸ್ತುವಿನಿಂದ ಬರುವ ಅಲೆ ಹೀಗೆ ಬದಲಾಗುವುದೆಂದು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಎಂಬಾತನು ತಿಳಿಸಿದನು. ಹರಿಯುವ ರಕ್ತದಿಂದ ಮರಳುವ ಶಬ್ದವೂ ಹಾಗೆಯೇ ಬದಲಾಗುತ್ತದೆ. ಯಂತ್ರವು ಅದನ್ನು ಬಣ್ಣದಿಂದ ತೋರಿಸುತ್ತದೆ. ಉರಿಯೂತವಿದ್ದಲ್ಲಿ ರಕ್ತಸಂಚಾರ ಹೆಚ್ಚು. ಉರಿಯೂತ ಆರಿದಂತೆ ಬಣ್ಣವೂ ಆರುತ್ತದೆ. ಒಲೆಯ ಮೇಲೆ ಬೂದಿ ಮುಚ್ಚಿದ್ದರೂ ಒಳಗೆ ಕೆಂಡವಿದೆಯೇ ಎಂದು ನೋಡುವಂತೆ ಇದು.

ಕೀವು ಇದೆಯೋ ಇಲ್ಲವೋ

ಕಾಲೋ ಕೈಯೋ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಾಗ ಡಾಕ್ಟರರ ಎದುರಿಗಿರುವ ಮೊದಲ ಪ್ರಶ್ನೆ ಒಂದೇ: ಒಳಗೆ ಕೀವು ಕಟ್ಟಿದೆಯೇ? ಸೋಂಕು ಚರ್ಮದಡಿಯಲ್ಲಿ ಹರಡಿಕೊಂಡಿದ್ದು ಕೀವು ಒಂದೆಡೆ ಕೂಡಿರದಿದ್ದರೆ ಅದು ಸೆಲ್ಯುಲೈಟಿಸ್. ಅದಕ್ಕೆ ಔಷಧ ಸಾಕು. ಕೀವು ಮಡುಗಟ್ಟಿದ್ದರೆ ಅದು ಕುರು. ಅದನ್ನು ಬಿಡಿಸಿ ತೆಗೆಯದೆ ಬರಿಯ ಮಾತ್ರೆಯಿಂದ ಗುಣವಾಗುವುದು ಕಷ್ಟ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುವುದುಂಟು. ಅಲ್ಟ್ರಾಸೌಂಡಿನಲ್ಲಿ ಸೆಲ್ಯುಲೈಟಿಸ್ ಕಲ್ಲು ಹಾಸಿದ ಅಂಗಳದಂತೆ ಕಾಣುತ್ತದೆ: ಕೊಬ್ಬಿನ ಉಂಡೆಗಳ ಸುತ್ತಲೂ ನೀರಿನ ಕಪ್ಪು ಗೆರೆಗಳು. ಕೀವಾದರೆ ಕಪ್ಪು ಮಡು. ಮೆಲ್ಲಗೆ ಒತ್ತಿದರೆ ಒಳಗಿನದು ಸುಳಿದಾಡುತ್ತದೆ.

ನುರಿತ ಕೈಗೂ ಇಲ್ಲಿ ಎಷ್ಟು ತಪ್ಪಾಗಬಹುದೆಂಬುದಕ್ಕೆ 2006ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಪರಿಶೀಲನೆ ಸಾಕ್ಷಿ. ತುರ್ತು ಚಿಕಿತ್ಸೆಗೆ ಬಂದ ಇಂಥ 126 ರೋಗಿಗಳನ್ನು ವೈದ್ಯರು ಮೊದಲು ಕೈಯಿಂದ ಮುಟ್ಟಿ ನೋಡಿ ತಮ್ಮ ತೀರ್ಮಾನವನ್ನು ಬರೆದಿಟ್ಟರು. ಆಮೇಲೆ ಅಲ್ಟ್ರಾಸೌಂಡ್ ಮಾಡಿದರು. 71 ಮಂದಿಯಲ್ಲಿ ಚಿಕಿತ್ಸೆಯ ಕ್ರಮವನ್ನೇ ಬದಲಿಸಬೇಕಾಯಿತು. ಕೀವು ಬಿಡಿಸುವುದು ಬೇಡವೆಂದುಕೊಂಡಿದ್ದ 82 ಮಂದಿಯಲ್ಲಿ 33 ಮಂದಿಗೆ ಬಿಡಿಸಬೇಕಾಯಿತು. ಬಿಡಿಸಲೇಬೇಕೆಂದುಕೊಂಡಿದ್ದ 44 ಮಂದಿಯಲ್ಲಿ 16 ಮಂದಿ ಕತ್ತಿಯಿಂದ ಪಾರಾದರು. ಇದು ವೈದ್ಯರ ಅಜ್ಞಾನವಲ್ಲ; ಚರ್ಮವೆಂಬ ಪರದೆಯ ಗುಣ.

ಒಮ್ಮೆ ನೋಡಿದರೆ ಸಾಲದು ಎಂಬುದನ್ನೂ ಇಲ್ಲಿ ಒತ್ತಿ ಹೇಳಬೇಕು. ನಮ್ಮ ಭಟ್ಟರಿಗೆ ಶಸ್ತ್ರಕ್ರಿಯೆಯಾದ ಮೇಲೆ ಐದನೆಯ ದಿನ ಮತ್ತೆ ಸ್ಕ್ಯಾನಿಂಗ್ ಮಾಡಿದರು. ಹೊರಗೆ ಗಾಯ ಚೆನ್ನಾಗಿತ್ತು. ಒಳಗೆ ಒಂದು ಮೂಲೆಯಲ್ಲಿ ಕೀವು ಉಳಿದಿತ್ತು. ಅದನ್ನು ತೆಗೆದು, ಮೂರನೆಯ ಬಾರಿ ನೋಡಿದಾಗ ಮಡು ಬತ್ತಿತ್ತು. ಸೋಂಕಿಗೆ ಔಷಧ ಪ್ರಾರಂಭಿಸಿದ ಒಂದೆರಡು ದಿನ ಕೆಂಪು ಇನ್ನಷ್ಟು ಹರಡುವುದುಂಟು. ಒಳಗೆ ರೋಗ ಉಳಿದಿದ್ದರೂ ಮೇಲೆ ಮಾಸುವುದೂ ಉಂಟು. ಹೊರಗಿನ ಬಣ್ಣ ಎರಡು ಕಡೆಗೂ ಸುಳ್ಳು ಹೇಳಬಲ್ಲದು. ಮಿಲಿಮೀಟರಿನ ಅಳತೆ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ದೀರ್ಘಕಾಲದ ಚರ್ಮರೋಗಗಳು

ವರ್ಷಗಟ್ಟಲೆ ಕಾಡುವ ರೋಗಗಳಲ್ಲಿ ಈ ಮೇಲ್ವಿಚಾರಣೆಯ ಬೆಲೆ ಇನ್ನೂ ಹೆಚ್ಚು. ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಮತ್ತೆ ಮತ್ತೆ ಗಡ್ಡೆ ಎದ್ದು, ಒಡೆದು, ಸೋರುವ ಒಂದು ಕಾಯಿಲೆಯಿದೆ; ಹೈಡ್ರಡಿನೈಟಿಸ್ ಎಂದು ಅದರ ಹೆಸರು. ಇದನ್ನು ಬೆವರಿನ ಕುರುವೆಂದು ತಿಳಿದು, ನಾಚಿಕೆಯಿಂದ ಯಾರಿಗೂ ಹೇಳದೆ, ಕೋಣೆಯ ಗೆಳೆಯರಿಂದಲೂ ಮರೆಮಾಡುವವರನ್ನು ನಾವು ಬಲ್ಲೆವು. ಇದು ಅಂಟುರೋಗವಲ್ಲ; ಕೊಳಕಿನಿಂದ ಬರುವುದೂ ಅಲ್ಲ. ಚರ್ಮದಡಿಯಲ್ಲಿ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಇಲಿಯ ಬಿಲದಂತೆ ಸುರಂಗಗಳಾಗುತ್ತವೆ. ಕೈಗೆ ಸಿಕ್ಕದ ಸುರಂಗಗಳು ಅಲ್ಟ್ರಾಸೌಂಡಿನಲ್ಲಿ ಕಾಣುತ್ತವೆ. ಚಿಲಿ ದೇಶದ ವೈದ್ಯೆ ಹಿಮೆನಾ ವೋರ್ಟ್ಸ್‌ಮನ್ ಮತ್ತವರ ಸಂಗಡಿಗರು 2013ರಲ್ಲಿ, ಈ ಚಿತ್ರಗಳ ಆಧಾರದಿಂದಲೇ ರೋಗದ ಹಂತಗಳನ್ನು ವಿಂಗಡಿಸುವ ಕ್ರಮವನ್ನು ಪ್ರಕಟಿಸಿದರು. ಸುರಂಗ ಎಲ್ಲಿಯ ತನಕ ಹೋಗಿದೆಯೆಂದು ತಿಳಿಯದೆ ಶಸ್ತ್ರಕ್ರಿಯೆ ಮಾಡಿದರೆ, ಉಳಿದ ತುದಿಯಿಂದ ರೋಗ ಮರಳುವ ಭಯವಿದೆ.

ಸೋರಿಯಾಸಿಸ್ ಇನ್ನೊಂದು. ಮೊಣಕೈ, ಮೊಣಕಾಲು, ತಲೆಗಳಲ್ಲಿ ಬೆಳ್ಳಿಯ ಹೊಟ್ಟಿನಂಥ ಪೊರೆಯೇಳುವ ಈ ರೋಗವೂ ಅಂಟುವುದಲ್ಲ. ಅಲ್ಟ್ರಾಸೌಂಡಿನಲ್ಲಿ ಮೇಲ್ಪದರ ದಪ್ಪವಾಗಿಯೂ, ಅದರ ಕೆಳಗೆ ಉರಿಯೂತದ ಒಂದು ಕಪ್ಪು ಪಟ್ಟಿಯೂ, ರಕ್ತಸಂಚಾರದ ಬಣ್ಣವೂ ಕಾಣುತ್ತವೆ. ಔಷಧ ನಾಟಿದಂತೆ ಪಟ್ಟಿ ಸಣ್ಣದಾಗುತ್ತದೆ. ಮೇಲೆ ಮಾಸಿತೆಂದು ಮುಲಾಮನ್ನು ತಾವಾಗಿಯೇ ನಿಲ್ಲಿಸುವವರು, ಒಳಗೆ ಆ ಬಣ್ಣ ಇನ್ನೂ ಉಳಿದಿರಬಹುದೆಂಬುದನ್ನು ನೆನೆಯಬೇಕು. ಈ ರೋಗವಿದ್ದವರಲ್ಲಿ ಕೆಲವರಿಗೆ ಕೀಲುಗಳೂ, ಹಿಮ್ಮಡಿಯ ನಾರು ಮೂಳೆಗೆ ಕೂಡುವ ಜಾಗವೂ ಉರಿಯೂತಕ್ಕೆ ಸಿಕ್ಕುತ್ತವೆ. ದಿನವಿಡೀ ನಿಂತು ಬಡಿಸುವ ಮಾಣಿ, ಹಿಮ್ಮಡಿಯ ನೋವು ನಿಂತದ್ದರಿಂದ ಬಂತೆಂದೇ ತಿಳಿಯುತ್ತಾನೆ. ಮೈಮೇಲೆ ಸೋರಿಯಾಸಿಸ್ ಇದ್ದರೆ ಆ ನೋವನ್ನು ಡಾಕ್ಟರರಿಗೆ ತಪ್ಪದೆ ಹೇಳಬೇಕು. ಅದನ್ನೂ ಈ ಯಂತ್ರ ತೋರಿಸಬಲ್ಲದು.

ಚರ್ಮ ಬಿರುಸಾಗುತ್ತ ಬರುವ ಸ್ಕ್ಲೆರೋಡರ್ಮಾ ರೋಗದಲ್ಲಿ ವೈದ್ಯರು ಮೈಯ 17 ಜಾಗಗಳನ್ನು ಚಿವುಟಿ ನೋಡಿ, ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ ಕೊಡುತ್ತಾರೆ. ಚಿವುಟುವ ಕೈ ಬದಲಾದರೆ ಅಂಕವೂ ಬದಲಾದೀತು. ಅಲ್ಟ್ರಾಸೌಂಡ್ ಅದಕ್ಕೆ ಮಿಲಿಮೀಟರಿನ ಲೆಕ್ಕವನ್ನು ಜೋಡಿಸುತ್ತದೆ.

ಯಂತ್ರದ ಮಿತಿ

ಆದರೆ ಇದನ್ನು ಸರ್ವಜ್ಞನೆಂದು ತಿಳಿಯಬಾರದು. ಶಬ್ದವು ಗಾಳಿಯನ್ನೂ ಮೂಳೆಯನ್ನೂ ದಾಟಿ ನೋಡಲಾರದು. ಸೋಂಕು ಯಾವ ಕ್ರಿಮಿಯಿಂದ ಬಂತೆಂದು ಹೇಳಲಾರದು. ಕಲ್ಲು ಹಾಸಿದ ಅಂಗಳದಂಥ ಚಿತ್ರ, ಹೃದಯದ ದೌರ್ಬಲ್ಯದಿಂದ ಕಾಲಿಗೆ ನೀರಿಳಿದಾಗಲೂ ಕಾಣುವುದುಂಟು. ಆದ್ದರಿಂದ ರೋಗಿಯನ್ನು ಕಣ್ಣಾರೆ ಕಂಡ ವೈದ್ಯರ ಮಾತೇ ಕೊನೆಯದು. ನೋಡುವವರ ಕೈ ನುರಿತಿರಬೇಕು. ತುದಿಯನ್ನು ಗಟ್ಟಿಯಾಗಿ ಒತ್ತಿದರೆ ಸಣ್ಣ ರಕ್ತನಾಳಗಳು ಮುಚ್ಚಿ, ಉರಿಯೂತವಿದ್ದರೂ ಇಲ್ಲದಂತೆ ಕಂಡೀತು. ಚರ್ಮಕ್ಕೆಂದೇ ಇರುವ ಸೂಕ್ಷ್ಮ ಯಂತ್ರಗಳು ಎಲ್ಲೆಡೆ ದೊರೆಯವು. ಆದರೆ ಕೀವನ್ನೋ ಒಳಗುಳಿದ ಚೂರನ್ನೋ ಹುಡುಕಲು, ಕುತ್ತಿಗೆಯ ಗ್ರಂಥಿ ಮುಂತಾದವನ್ನು ನೋಡಲು ಸಾಮಾನ್ಯ ಕೇಂದ್ರಗಳಲ್ಲಿರುವ ಲೀನಿಯರ್ ಪ್ರೋಬ್ ಸಾಕಾಗುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಸ್ಕ್ಯಾನಿಂಗಿಗಾಗಿ ಕಾಯಲೂ ಬಾರದು. ಕಾಣುವ ಗಾಯಕ್ಕಿಂತ ನೋವು ಬಹಳ ಹೆಚ್ಚಾಗಿದ್ದು, ಬಾವು ಗಂಟೆಗಂಟೆಗೆ ಏರುತ್ತಿದ್ದು, ಚರ್ಮ ಕಪ್ಪಿಡುತ್ತಿದ್ದು, ನೀರುಗುಳ್ಳೆಗಳೆದ್ದು, ಮುಟ್ಟಿದರೆ ಚರಚರ ಎನ್ನುತ್ತಿದ್ದರೆ, ಅದು ಮಾಂಸವನ್ನೇ ಕೊಳೆಯಿಸುವ ಸೋಂಕಾಗಿರಬಹುದು. ಆಗ ರಾತ್ರಿಯೆನ್ನದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಸಕ್ಕರೆ ಕಾಯಿಲೆಯವರು ಕಾಲಿನ ಸಣ್ಣ ಗಾಯವನ್ನೂ ಸಣ್ಣದೆನ್ನಬಾರದು.

ನಮ್ಮವರಲ್ಲಿ ಅರಿಕೆ

ಕೈಗೋ ಕಾಲಿಗೋ ಅಲ್ಟ್ರಾಸೌಂಡ್ ಮಾಡಿಸಲು ಉಪವಾಸವಿರಬೇಕಾಗಿಲ್ಲ, ಹೊಟ್ಟೆ ತುಂಬ ನೀರು ಕುಡಿಯಬೇಕಾಗಿಲ್ಲ. ಸೂಜಿಯಿಲ್ಲ, ಎಕ್ಸ್‌ರೇಯ ಕಿರಣವೂ ಇಲ್ಲ. ಎರಡನೆಯ ಬಾರಿ ಹೋಗುವಾಗ ಹಳೆಯ ರಿಪೋರ್ಟನ್ನು ಕೊಂಡೊಯ್ಯಬೇಕು. ಸಾಧ್ಯವಿದ್ದರೆ ಅದೇ ಕೇಂದ್ರಕ್ಕೆ ಹೋಗಬೇಕು. ಹಿಂದಿನ ಅಳತೆ ಎದುರಿಗಿಲ್ಲದೆ ಇಂದಿನ ಅಳತೆಗೆ ಅರ್ಥವಿಲ್ಲ. ಕೊಟ್ಟ ಮಾತ್ರೆ ಮುಗಿದ ಮೇಲೂ ಬಾವೋ ಗಟ್ಟಿಯೋ ನೋವೋ ಉಳಿದಿದ್ದರೆ, “ಒಳಗೆ ಕೀವು ಉಂಟೋ ಎಂದು ಸ್ಕ್ಯಾನಿಂಗ್ ಮಾಡಿ ನೋಡಬಹುದೇ?” ಎಂದು ಡಾಕ್ಟರರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಏನು ಚುಚ್ಚಿತು, ಎಂದು ಚುಚ್ಚಿತು ಎಂಬುದನ್ನು ಮರೆಯದೆ ಹೇಳಬೇಕು. ಗೆರಟೆಯ ಮಾತನ್ನು ಭಟ್ಟರು ಮೊದಲ ದಿನ ಹೇಳಿರಲೇ ಇಲ್ಲ.

ಆಫೀಸುಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳಲ್ಲಿ ಒಂದು ಪ್ರಾರ್ಥನೆ. ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ; ಹೋಟೆಲಿನ ಹುಡುಗನಿಗೆ ಅದು ಕಬ್ಬಿಣದ ಕಡಲೆ. ಅವನ ಜೊತೆ ಒಂದು ಗಂಟೆ ಹೋಗಿ ಬನ್ನಿರಿ. ಕಲೆಕ್ಷನ್ ಎಂದಿದ್ದರೆ ನೀರೋ ಕೀವೋ ಕೂಡಿದೆಯೆಂದು ಅರ್ಥ. ಎಡೀಮಾ ಎಂದರೆ ನೀರೂರಿದ ಬಾವು. ವ್ಯಾಸ್ಕ್ಯುಲಾರಿಟಿ ಹೆಚ್ಚಿದೆಯೆಂದರೆ ರಕ್ತಸಂಚಾರ ಹೆಚ್ಚಿದೆ. ಫಾರಿನ್ ಬಾಡಿ ಎಂದರೆ ಹೊರಗಿನ ವಸ್ತು ಒಳಗುಳಿದಿದೆ. ಇಷ್ಟನ್ನು ಅವನಿಗೆ ಅವನ ಭಾಷೆಯಲ್ಲಿ ತಿಳಿಸಿದರೆ, ಅವನು ಅರ್ಧ ಚಿಕಿತ್ಸೆಗೆ ಕೆಲಸಕ್ಕೆ ಮರಳುವುದು ತಪ್ಪೀತು.

ಮಾಲೀಕ ಮಿತ್ರರಿಗೂ ಎರಡು ಮಾತು. ಈ ಮಾತನ್ನಾಡುವ ಅಧಿಕಾರವನ್ನು ನಾವು ತಪ್ಪು ಮಾಡಿಯೇ ಗಳಿಸಿದ್ದೇವೆ. ಕೈಯಲ್ಲಿ ಕೀವಿರುವವನಿಂದ ಅಡಿಗೆ ಮಾಡಿಸುವುದು ಗಿರಾಕಿಗೂ ಅಪಾಯ. ಕೀವಿನಲ್ಲಿರುವ ಸ್ಟೆಫೈಲೊಕಾಕಸ್ ಕ್ರಿಮಿ ಆಹಾರದಲ್ಲಿ ವಿಷ ಹುಟ್ಟಿಸಬಲ್ಲದು, ಆ ವಿಷ ಮತ್ತೆ ಬಿಸಿ ಮಾಡಿದರೂ ಸುಲಭವಾಗಿ ಹೋಗುವುದಿಲ್ಲ. ಆದರೆ ರಜೆ ಕೊಟ್ಟರೆ ಸಂಬಳ ಹೋಗುವುದೆಂಬ ಭಯವಿದ್ದಲ್ಲಿ ಯಾವ ಕೆಲಸಗಾರನೂ ಗಾಯವನ್ನು ತೋರಿಸುವುದಿಲ್ಲ. ಬಟ್ಟೆ ಸುತ್ತಿ ಮುಚ್ಚುತ್ತಾನೆ. ಗಾಯ ತೋರಿಸಿದವನ ಸಂಬಳ ಕಡಿಯುವುದಿಲ್ಲವೆಂದು ಗಲ್ಲೆಯಲ್ಲಿ ಕುಳಿತವರು ಬಾಯಿಬಿಟ್ಟು ಹೇಳಬೇಕು. ಇ.ಎಸ್.ಐ. ಅನ್ವಯಿಸುವಲ್ಲಿ ಕೆಲಸಗಾರರ ಹೆಸರು ಬರೆಯಿಸಿ, ಕಾರ್ಡು ಅವರ ಕೈಗೆ ಕೊಡಬೇಕು.

ನಮ್ಮ ಭಟ್ಟರ ಕೈ ಉಳಿಯಿತು. ಅವರು ಈಗಲೂ ಮುಂಬಯಿಯಲ್ಲೇ ದುಡಿಯುತ್ತಿದ್ದಾರೆ. ಆದರೆ ಎಡಗೈಯ ನಡುಬೆರಳು ಪೂರ್ತಿಯಾಗಿ ಮಡಚುವುದಿಲ್ಲ. ತೆಂಗಿನಕಾಯಿಯನ್ನು ಅವರು ಮೊದಲಿನಂತೆ ಹಿಡಿಯಲಾರರು, ಬೇರೊಬ್ಬರು ಒಡೆದು ಕೊಡಬೇಕು. ಕಂಡಾಗಲೆಲ್ಲ ನಗುತ್ತಲೇ ಮಾತಾಡಿಸುತ್ತಾರೆ. ಒಮ್ಮೆಯೂ ನಮ್ಮನ್ನು ದೂರಿದವರಲ್ಲ. ಹಬ್ಬದ ವಾರದ ವ್ಯಾಪಾರ ಎಷ್ಟಾಗಿತ್ತೆಂದು ನಮಗೀಗ ನೆನಪಿಲ್ಲ. ಆ ಬೆರಳು ಮಾತ್ರ ನೆನಪಿದೆ. ಇದನ್ನು ಓದಿದವರಲ್ಲಿ ಒಬ್ಬರಾದರೂ ತಮ್ಮ ಪಕ್ಕದಲ್ಲಿ ದುಡಿಯುವವನ ಊದಿದ ಕೈಯನ್ನು ಇಂದು ಹಿಡಿದು ನೋಡಿ, ನಾಳೆಗೆ ಬಿಡದೆ ಡಾಕ್ಟರರಲ್ಲಿಗೆ ಕರೆದೊಯ್ದರೆ, ನಮ್ಮ ಋಣದಲ್ಲಿ ಸ್ವಲ್ಪವಾದರೂ ತೀರಿತೆಂದು ಭಾವಿಸುವೆವು.